ಲ್ಯಾನ್ ಹೋಯ್ತು ಅಂತ ಮದರ್‌ಬೋರ್ಡ್ ಬದಲಾಯಿಸೋಕೆ ಮುಂಚೆ: ಸುಮಾರು 250 ರೂಪಾಯಿಯ ಕೇಬಲ್ ಟೆಸ್ಟರ್ ರಿವ್ಯೂ

ಇದು ಬ್ರ್ಯಾಂಡ್ ಇಲ್ಲದ ಐಟಂ. ಆನ್‌ಲೈನಲ್ಲಿ ಆರ್‌ಜೆ45 (ನೆಟ್ ಕೇಬಲ್ ತುದಿಯ ಪ್ಲಗ್ಗಿನ ಹೆಸರು) ಕೇಬಲ್ ಟೆಸ್ಟರ್ ಅಂತ ಹುಡುಕಿದ್ರೆ ಒಂದೇ ಥರದ ಪ್ಲಾಸ್ಟಿಕ್ ಡಬ್ಬಿ ಬೇರೆ ಬೇರೆ ಸ್ಟಿಕ್ಕರ್ ಹಚ್ಕೊಂಡು ಸಾಲಾಗಿ ಬರುತ್ತೆ, ಒಂದು ದೊಡ್ಡ ತುಂಡು ಒಂದು ಚಿಕ್ಕ ತುಂಡು, ಎರಡರಲ್ಲೂ 1ರಿಂದ 8ರ ತನಕ ನಂಬರ್ ಇರೋ ಪುಟ್ಟ ಲೈಟು, ಕೊನೇಲಿ ಜಿ ಅಂತ ಇನ್ನೊಂದು. ನಾನು ತಗೊಂಡಿದ್ದು ಸುಮಾರು 250 ರೂಪಾಯಿಗೆ, 9 ವೋಲ್ಟ್ ಬ್ಯಾಟರಿ ಬೇರೆ ತಗೋಬೇಕು, ಬಾಕ್ಸಲ್ಲಿ ಬರಲ್ಲ. ಯಾವ ಸ್ಟಿಕ್ಕರ್‌ದು ತಗೊಂಡ್ರೂ ಒಳಗಿರೋದು ಹೆಚ್ಚುಕಮ್ಮಿ ಒಂದೇ, ಅದಕ್ಕೇ ಬ್ರ್ಯಾಂಡ್ ಬಗ್ಗೆ ಏನೂ ಬರೆಯಲ್ಲ. ಇದು ಏನನ್ನ ಹಿಡಿಯುತ್ತೆ, ಏನನ್ನ ಹಿಡಿಯಲ್ಲ ಅನ್ನೋದರ ಬಗ್ಗೆ ಮಾತ್ರ ಬರೀತೀನಿ, ಯಾಕಂದ್ರೆ ಮಾರೋ ಪೇಜಲ್ಲಿ ಅದನ್ನ ಯಾರೂ ಹೇಳಲ್ಲ.

ನಮ್ಮದು ಕೊಪ್ಪದ ಕಡೆ ಹಳ್ಳಿ. ಮನೆಗೆ ಫೈಬರ್ ಬಂದ್ಮೇಲೆ ಕೆಲಸ ಎಲ್ಲ ಮನೆಯಿಂದಾನೇ. ರೂಟರ್ ಕೆಳಗೆ ಹಜಾರದಲ್ಲಿದೆ, ಕಂಪ್ಯೂಟರ್ ಮಹಡಿ ಮೇಲಿದೆ. ಹಳೇ ಮನೆಯ ಮಣ್ಣಿನ ಗೋಡೆ ದಪ್ಪ, ವೈಫೈ ಮೇಲಕ್ಕೆ ಬರೋ ಹೊತ್ತಿಗೆ ಸುಸ್ತಾಗಿರುತ್ತೆ, ಹಾಗಾಗಿ ಅಟ್ಟದ ಮೇಲಿಂದ ಕ್ಯಾಟ್ 6 ಕೇಬಲ್ ಎಳೆದಿದ್ದೀವಿ. ಒಂದಿನ ಬೆಳಗ್ಗೆ ಸಿಸ್ಟಮ್ ಆನ್ ಮಾಡಿದ್ರೆ ವಿಂಡೋಸಲ್ಲಿ ನೆಟ್‌ವರ್ಕ್ ಕೇಬಲ್ ಅನ್‌ಪ್ಲಗ್ಡ್ ಅಂತ ಬಂತು, ಕೇಬಲ್ ನೋಡಿದ್ರೆ ಪೋರ್ಟಲ್ಲೇ ಗಟ್ಟಿಯಾಗಿ ಕೂತಿದೆ. ಪೇಟೆಯ ಒಂದು ರಿಪೇರಿ ಅಂಗಡಿಗೆ ಸಿಪಿಯು ತಗೊಂಡು ಹೋದ್ರೆ, ಹಿಂದಿನ ಪೋರ್ಟು ಸುಟ್ಟಿದೆ ಬೋರ್ಡ್ ಬದಲಾಯಿಸಬೇಕು ಅಂದ್ರು, ಅದೂ ಸಿಪಿಯು ಬಿಚ್ಚಿ ನೋಡದೇನೇ. ಬೋರ್ಡ್ ಬದಲಾಯಿಸೋದು ಅಂದ್ರೆ ಹಳೇ ಪ್ರಾಸೆಸರ್‌ಗೆ ಹೊಂದೋ ಬೋರ್ಡ್ ಸಿಗಲ್ಲ, ಆಮೇಲೆ ಪ್ರಾಸೆಸರ್ರೂ ಹೊಸದು ರ್‍ಯಾಮೂ ಹೊಸದು ಅಂತ ಬಿಲ್ ಎಲ್ಲಿಗೋ ಹೋಗಿ ನಿಲ್ಲುತ್ತೆ. ನನಗೆ ಸಿಟ್ಟು ಬರೋದು ಇದಕ್ಕೇನೇ. ಹಳ್ಳಿಯೋರಿಗೆ, ವಯಸ್ಸಾದೋರಿಗೆ, ಮಕ್ಕಳ ಓದಿಗೆ ಅಂತ ಕಷ್ಟಪಟ್ಟು ಒಂದು ಕಂಪ್ಯೂಟರ್ ತಗೊಂಡೋರಿಗೆ ಹೀಗೆ ಬರೀ ಅಂದಾಜಿನ ಮೇಲೆ ಸಾವಿರಗಟ್ಟಲೆ ಖರ್ಚು ಹೇಳ್ತಾರೆ, ಇತ್ತ ಕೇಬಲ್ ಸರಿ ಇದೆಯಾ ಅಂತ ಯಾರೂ ನೋಡಿರಲ್ಲ.

ಟೆಸ್ಟರ್ ತರಿಸೋದಕ್ಕೂ ಮುಂಚೆ ದುಡ್ಡಿಲ್ಲದೆ ಮಾಡೋ ಪರೀಕ್ಷೆ ಇದೆ, ಅದನ್ನ ಮೊದ್ಲು ಮಾಡಿ, ಯಾಕಂದ್ರೆ ಎಲ್ಲ ತೊಂದರೆಗೂ ಟೆಸ್ಟರ್ ಬೇಕಾಗಿಲ್ಲ. ಸ್ಕ್ರೀನಲ್ಲಿ ಏನು ಬರೆದಿದೆ ಅನ್ನೋದನ್ನ ಸರಿಯಾಗಿ ಓದಬೇಕು. ನೆಟ್‌ವರ್ಕ್ ಅಡಾಪ್ಟರ್ ಲಿಸ್ಟಲ್ಲಿ ಈಥರ್ನೆಟ್ ಅನ್ನೋದೇ ಇಲ್ಲ ಅಂದ್ರೆ ಅದು ಡ್ರೈವರ್ ತೊಂದರೆ, ಇಲ್ಲಾ ಚಿಪ್ಪೇ ಹೋಗಿದೆ, ಇಲ್ಲಾ ಬಯೋಸಲ್ಲಿ (ವಿಂಡೋಸ್‌ಗೂ ಮುಂಚೆ ಬರೋ ಬೋರ್ಡಿನ ಸೆಟ್ಟಿಂಗ್ಸಲ್ಲಿ) ಆಫ್ ಆಗಿದೆ, ಕೇಬಲ್ ಟೆಸ್ಟರಿಂದ ಏನೂ ಉಪಯೋಗ ಇಲ್ಲ. ಈಥರ್ನೆಟ್ ಇದೆ, ಪೋರ್ಟ್ ಹತ್ತಿರ ಹಸಿರು ಲೈಟೂ ಉರೀತಿದೆ, ಆದ್ರೆ ಅನ್‌ಐಡೆಂಟಿಫೈಡ್ ನೆಟ್‌ವರ್ಕ್ ಅಂತ ಬರ್ತಿದೆ, ಐಪಿ ಅಡ್ರೆಸ್ ನೋಡಿದ್ರೆ 169.254 ಅಂತ ಶುರುವಾಗ್ತಿದೆ ಅಂದ್ರೆ ರೂಟರಿಂದ ಅಡ್ರೆಸ್ ಸಿಗದೆ ವಿಂಡೋಸ್ ತಾನೇ ಒಂದು ಹಾಕ್ಕೊಂಡಿದೆ ಅಂತ ಅರ್ಥ, ಆವಾಗ ರೂಟರ್ ರೀಸ್ಟಾರ್ಟ್ ಮಾಡಿ, ಕಮಾಂಡ್ ಪ್ರಾಂಪ್ಟಲ್ಲಿ ಐಪಿಕಾನ್ಫಿಗ್ ರಿಲೀಸ್ (ipconfig /release) ಆಮೇಲೆ ರಿನ್ಯೂ (ipconfig /renew) ಕೊಟ್ಟು ನೋಡಿ, ಯಾರಾದ್ರೂ ಹಿಂದೆ ಕೈಯಿಂದ ಐಪಿ ಹಾಕಿಟ್ಟಿದ್ರೆ ತೆಗೆದು ಆಟೊಮ್ಯಾಟಿಕ್ ಮಾಡಿ. ಮೂರನೇದು ನನ್ನ ಕೇಸು, ಈಥರ್ನೆಟ್ ಇದೆ ಆದ್ರೆ ಅನ್‌ಪ್ಲಗ್ಡ್, ಪೋರ್ಟಲ್ಲಿ ಲೈಟೇ ಇಲ್ಲ. ಕೇಬಲ್ ಮೇಲೆ ಅನುಮಾನ ಪಡಬೇಕಾದ್ದು ಈ ಮೂರನೇ ಕೇಸಲ್ಲಿ.

ಆದ್ರೂ ಇಲ್ಲೊಂದು ವಿಷಯ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ವಿಂಡೋಸಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಇರುತ್ತಲ್ಲ, ಅದು ಆನ್ ಇದ್ರೆ ಶಟ್‌ಡೌನ್ ಕೊಟ್ಟಾಗ ಸಿಸ್ಟಮ್ ಪೂರ್ತಿ ಆಫ್ ಆಗಲ್ಲ, ಅರ್ಧ ನಿದ್ದೆ ಥರ ಇರುತ್ತೆ, ಒಮ್ಮೊಮ್ಮೆ ನೆಟ್‌ವರ್ಕ್ ಚಿಪ್ಪು ಆ ಸ್ಥಿತಿಯಿಂದ ಸರಿಯಾಗಿ ಎದ್ದೇಳಲ್ಲ. ಅದಕ್ಕೆ ಶಿಫ್ಟ್ ಕೀ ಒತ್ತಿ ಹಿಡ್ಕೊಂಡು ಶಟ್‌ಡೌನ್ ಕೊಡಿ, ಗೋಡೆಯ ಪ್ಲಗ್ ಕಿತ್ತುಬಿಡಿ, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡೀರಿ, ಆಮೇಲೆ ಪ್ಲಗ್ ಹಾಕಿ ಆನ್ ಮಾಡಿ. ಲ್ಯಾಪ್‌ಟಾಪ್ ಇದ್ರೆ ಅದೇ ಕೇಬಲ್ಲಿಗೆ ಹಾಕಿ ನೋಡಿ, ರೂಟರಲ್ಲಿ ಬೇರೆ ಪೋರ್ಟಿಗೆ ಹಾಕಿ ನೋಡಿ. ನಾನು ಇಷ್ಟೂ ಮಾಡಿದ್ಮೇಲೂ ಲೈಟ್ ಬರಲಿಲ್ಲ, ಆದ್ರೆ ಸಿಪಿಯುನ ಕೆಳಗೆ ತಂದು ರೂಟರ್ ಪಕ್ಕದಲ್ಲಿಟ್ಟು ಚಿಕ್ಕ ಕೇಬಲ್ ಹಾಕಿದ್ರೆ ಲೈಟ್ ಬಂತು, ನೆಟ್ಟೂ ಬಂತು. ಬೋರ್ಡ್ ಸುಟ್ಟಿಲ್ಲ ಅಂತ ಅಲ್ಲಿಗೇ ಗೊತ್ತಾಯ್ತು. ಹಾಗಾದ್ರೆ ಕೇಬಲ್ಲಲ್ಲಿ ಏನಾಗಿದೆ, ಪೂರ್ತಿ ಹೊಸದು ಎಳೀಬೇಕಾ ಅಥವಾ ತುದಿ ಬದಲಾಯಿಸಿದ್ರೆ ಸಾಕಾ, ಅದನ್ನ ತಿಳ್ಕೊಳ್ಳೋಕೆ ಈ ಟೆಸ್ಟರ್ ತರಿಸಿದ್ದು.

ಕೆಲಸ ಮಾಡೋ ರೀತಿ ತುಂಬ ಸಿಂಪಲ್. ದೊಡ್ಡ ತುಂಡನ್ನ ಕೇಬಲ್ಲಿನ ಒಂದು ತುದಿಗೆ, ಚಿಕ್ಕದನ್ನ ಇನ್ನೊಂದು ತುದಿಗೆ ಹಾಕಿ ಆನ್ ಮಾಡಿದ್ರೆ ದೊಡ್ಡದು ಒಂದೊಂದೇ ತಂತಿಗೆ ಸರದಿ ಪ್ರಕಾರ ಕರೆಂಟ್ ಕಳಿಸುತ್ತೆ, ಆ ಕಡೆ ತಲುಪಿದ್ರೆ ಚಿಕ್ಕದರಲ್ಲಿ ಅದೇ ನಂಬರಿನ ಲೈಟ್ ಹತ್ತುತ್ತೆ. ನೋಡಬೇಕಾಗಿರೋದು ಚಿಕ್ಕ ತುಂಡನ್ನ. ಕೆಲವು ಡಬ್ಬಿಗಳ ದೊಡ್ಡ ತುಂಡಲ್ಲಿ ಕೇಬಲ್ ಹೇಗಿದ್ರೂ 1ರಿಂದ 8 ಓಡ್ತಾನೇ ಇರುತ್ತೆ, ಅದನ್ನ ನೋಡಿ ಎಲ್ಲ ಸರಿ ಇದೆ ಅಂತ ತೀರ್ಮಾನ ಮಾಡಬೇಡಿ. ಸ್ವಿಚ್ಚಲ್ಲಿ ಆಫ್, ಆನ್ ಜೊತೆಗೆ ಎಸ್ ಅಂತ ಒಂದಿದೆ, ನಿಧಾನಕ್ಕೆ ಓಡಿಸೋಕೆ, ನಾನು ಯಾವಾಗ್ಲೂ ಅದರಲ್ಲೇ ಇಡ್ತೀನಿ, ಇಲ್ಲಾಂದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಒಂದು ನಂಬರ್ ಹಾರಿ ಹೋಗಿರುತ್ತೆ. ಎರಡು ತುದಿ ದೂರ ಇದ್ರೆ ಇನ್ನೊಬ್ರು ಬೇಕು. ತಂಗಿ ಕೆಳಗೆ ರೂಟರ್ ಹತ್ರ ಚಿಕ್ಕದನ್ನ ಹಿಡ್ಕೊಂಡು ಫೋನಲ್ಲಿ ಒಂದು, ಎರಡು ಅಂತ ಓದ್ತಾ ಹೋದ್ಲು, ಮೂರು ಬರಲಿಲ್ಲ, ನಾಕು ಐದು ಬಂತು, ಆರು ಬರಲಿಲ್ಲ, ಏಳು ಎಂಟು ಬಂತು.

ಈ ಮೂರು ಮತ್ತು ಆರು ಅನ್ನೋದೇ ಪೂರ್ತಿ ಕಥೆ ಹೇಳುತ್ತೆ. ಕೇಬಲ್ಲಲ್ಲಿ ಎಂಟು ತಂತಿ ನಾಲ್ಕು ಜೋಡಿ ಆಗಿರ್ತವೆ. ನಮ್ಮಲ್ಲಿ ಎಲ್ಲರೂ ಸಾಮಾನ್ಯವಾಗಿ ಹಾಕೋ ಟಿ568ಬಿ ಬಣ್ಣದ ಕ್ರಮದಲ್ಲಿ 1 ಬಿಳಿ-ಕಿತ್ತಳೆ, 2 ಕಿತ್ತಳೆ, 3 ಬಿಳಿ-ಹಸಿರು, 4 ನೀಲಿ, 5 ಬಿಳಿ-ನೀಲಿ, 6 ಹಸಿರು, 7 ಬಿಳಿ-ಕಂದು, 8 ಕಂದು. ಅಂದ್ರೆ 3 ಮತ್ತು 6 ಹಸಿರು ಜೋಡಿ. 100 ಎಂಬಿಪಿಎಸ್ ಲಿಂಕಿಗೆ 1-2 ಮತ್ತು 3-6 ಈ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ (ಅಂದ್ರೆ 1000 ಎಂಬಿಪಿಎಸ್‌ಗೆ) ನಾಲ್ಕೂ ಜೋಡಿ ಬೇಕು. ಹಾಗಾಗಿ ನೀಲಿ ಜೋಡಿನೋ ಕಂದು ಜೋಡಿನೋ ಕಟ್ಟಾದ್ರೆ ನೆಟ್ ಪೂರ್ತಿ ಹೋಗಲ್ಲ, ಹೆಚ್ಚಿನ ಕಾರ್ಡ್‌ಗಳು 100ಕ್ಕೆ ಇಳಿದುಬಿಡ್ತವೆ, 300 ಎಂಬಿಪಿಎಸ್ ಪ್ಲಾನ್ ಹಾಕ್ಸಿದೋರಿಗೆ ಸ್ಪೀಡ್ ಟೆಸ್ಟಲ್ಲಿ 95ರ ಆಸುಪಾಸಲ್ಲೇ ನಿಂತ್ಕೊಂಡಿರುತ್ತೆ, ಅವರು ಕಂಪನಿಯೋರ ಜೊತೆ ಜಗಳ ಆಡ್ತಾ ಇರ್ತಾರೆ. ಕೆಲವು ಕಾರ್ಡ್ ಇಳಿಯೋದೂ ಇಲ್ಲ, ಗಿಗಾಬಿಟ್‌ಗೆ ಒಪ್ಕೊಂಡು ಆಗದೆ ಲೈಟ್ ಹತ್ತಿ ಆರಿ ಹತ್ತಿ ಆರಿ ಮಾಡ್ತಾ ಇರ್ತವೆ. ಆದ್ರೆ ಕಿತ್ತಳೆ ಅಥವಾ ಹಸಿರು ಕಟ್ಟಾದ್ರೆ ಏನೂ ಇಲ್ಲ, ಲಿಂಕೇ ಬರಲ್ಲ. ನನಗೆ ಆಗಿದ್ದು ಅದೇ. ಅಟ್ಟ ಹತ್ತಿ ಟಾರ್ಚ್ ಹಾಕಿ ಕೇಬಲ್ ಉದ್ದಕ್ಕೂ ಕೈಯಾಡಿಸಿದ್ರೆ ಅಡಿಕೆ ಮೂಟೆ ಇಡೋ ಮೂಲೇಲಿ ಇಲಿ ಕಡಿದಿತ್ತು, ಹೊರಗಿನ ಸಿಪ್ಪೆ ಹೋಗಿ ಹಸಿರು ಜೋಡಿ ಕತ್ತರಿಸಿದೆ, ಮಿಕ್ಕ ಮೂರು ಜೋಡಿ ಚೆನ್ನಾಗೇ ಇದೆ. ಬೋರ್ಡ್ ಬದಲಾಯಿಸಿದ್ರೆ ಈ ಇಲಿ ಕಡಿದಿದ್ದು ಸರಿ ಹೋಗ್ತಿತ್ತಾ?

ಇಲ್ಲೇ ಟೆಸ್ಟರಿನ ಮೊದಲನೇ ಕೊರತೇನೂ ಹೇಳ್ತೀನಿ. ಕಟ್ಟಾಗಿದೆ ಅಂತ ಹೇಳುತ್ತೆ, ಎಲ್ಲಿ ಕಟ್ಟಾಗಿದೆ ಅಂತ ಹೇಳಲ್ಲ. ಕೇಬಲ್ ಗೋಡೆ ಒಳಗೆ ಪೈಪಲ್ಲಿ ಹೋಗಿದ್ರೆ ಕಷ್ಟಾನೇ. ಎಷ್ಟು ದೂರದಲ್ಲಿ ಕಟ್ಟಾಗಿದೆ ಅಂತ ಬೇಕಿದ್ರೆ ಅದಕ್ಕೆ ಬೇರೆ ಸಾಧನ ಬೇಕು. ಟಿಪಿ-ಲಿಂಕ್‌ನ ಟಿಎಲ್-ಎಸ್‌ಜಿ108ಇ ಥರದ ಸ್ಮಾರ್ಟ್ ಸ್ವಿಚ್ ಯಾರ ಹತ್ರ ಆದ್ರೂ ಇದ್ರೆ ಅದರ ಮೆನುವಲ್ಲಿ ಕೇಬಲ್ ಟೆಸ್ಟ್ ಅಂತ ಇದೆ, ಸಿಗ್ನಲ್ ಕಳಿಸಿ ವಾಪಸ್ ಬರೋ ಸಮಯದ ಮೇಲೆ ಎಷ್ಟು ಮೀಟರ್ ದೂರದಲ್ಲಿ ತೊಂದರೆ ಅಂತ ಅಂದಾಜು ತೋರಿಸುತ್ತೆ. ಲಿನಕ್ಸ್ ಬಳಸೋರಿಗೆ ಈಥ್‌ಟೂಲ್ ಕಮಾಂಡಲ್ಲೂ ಕೇಬಲ್ ಟೆಸ್ಟ್ ಆಪ್ಷನ್ ಇದೆ, 2020ರಲ್ಲಿ ಬಂದ 5.8 ಕರ್ನಲ್ಲಿಂದ, ಆದ್ರೆ ನಿಮ್ಮ ನೆಟ್‌ವರ್ಕ್ ಚಿಪ್ಪು ಅದನ್ನ ಸಪೋರ್ಟ್ ಮಾಡಬೇಕು, ಎಲ್ಲದೂ ಮಾಡಲ್ಲ. 250 ರೂಪಾಯಿಯ ಡಬ್ಬಿಯಿಂದ ಇದನ್ನೆಲ್ಲ ನಿರೀಕ್ಷೆ ಮಾಡೋದು ನ್ಯಾಯ ಅಲ್ಲ, ಗೊತ್ತಿರಲಿ ಅಂತ ಹೇಳಿದ್ದು.

ಎರಡನೇ ಕೊರತೆ ಇದಕ್ಕಿಂತ ದೊಡ್ಡದು, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಪಕ್ಕದ ಮನೆಯೋರದ್ದು ಬೇರೆ ಥರದ ತೊಂದರೆ, ನೆಟ್ ಬರುತ್ತೆ ಹೋಗುತ್ತೆ, ವೀಡಿಯೊ ಕಾಲ್ ಮಧ್ಯ ನಿಂತುಹೋಗುತ್ತೆ, ಮಗಳ ಆನ್‌ಲೈನ್ ಪರೀಕ್ಷೆ ಹತ್ರ ಬಂದಿತ್ತು, ಮನೆಯೋರೆಲ್ಲ ಆತಂಕದಲ್ಲಿದ್ರು. ಟೆಸ್ಟರ್ ತಗೊಂಡು ಹೋಗಿ ಹಾಕಿದ್ರೆ ಚಿಕ್ಕ ತುಂಡಲ್ಲಿ 1ರಿಂದ 8 ಕ್ರಮವಾಗಿ ಬಂತು, ಒಂದೂ ತಪ್ಪಲಿಲ್ಲ. ಟೆಸ್ಟರ್ ಪ್ರಕಾರ ಕೇಬಲ್ ಪಾಸ್. ಆದ್ರೆ ಕನೆಕ್ಟರನ್ನ ಬೆಳಕಿಗೆ ಹಿಡಿದು ಬಣ್ಣ ನೋಡಿದ್ರೆ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ ಅಂತ ಜೋಡಿ ಜೋಡಿಯಾಗಿ ಸಾಲಾಗಿ ಜೋಡಿಸಿದ್ದಾರೆ, ಎರಡೂ ಕಡೆ ಹಾಗೇ. ನೋಡೋಕೆ ತುಂಬ ಅಚ್ಚುಕಟ್ಟು. ಆದ್ರೆ ಕಂಪ್ಯೂಟರ್ ಜೋಡಿ ಅಂತ ಬಳಸೋದು 3 ಮತ್ತು 6ನ್ನ, ಇಲ್ಲಿ 3ರಲ್ಲಿ ಇರೋದು ಹಸಿರು ಜೋಡಿಯ ತಂತಿ, 6ರಲ್ಲಿ ಇರೋದು ನೀಲಿ ಜೋಡಿಯ ತಂತಿ. ಒಂದು ಸಿಗ್ನಲ್ ಎರಡು ಬೇರೆ ಬೇರೆ ಜೋಡಿಲಿ ಹರಿದು ಹಂಚಿಹೋಯ್ತು. ಜೋಡೀನ ಹುರಿ ಥರ ಸುತ್ತಿರೋದು ಯಾಕೆ ಅಂದ್ರೆ ಎರಡೂ ತಂತಿಗೆ ಹೊರಗಿನ ಗದ್ದಲ ಒಂದೇ ಥರ ಬಿದ್ದು ಆ ತುದೀಲಿ ಒಂದಕ್ಕೊಂದು ಕಳೆದುಹೋಗ್ಲಿ ಅಂತ, ಪಕ್ಕದ ಜೋಡಿಗೆ ಸೋರಿಕೆ ಆಗದೇ ಇರ್ಲಿ ಅಂತ. ಹೀಗೆ ಬೇರೆ ಬೇರೆ ಜೋಡಿಗೆ ಹಂಚಿದ್ರೆ ಆ ರಕ್ಷಣೆ ಇಲ್ಲ. ಕೇಬಲ್ ಚಿಕ್ಕದಿದ್ರೆ ಹೇಗೋ ನಡೆಯುತ್ತೆ, ಉದ್ದ ಆದಂಗೆಲ್ಲ ಎರರ್ ಜಾಸ್ತಿ ಆಗುತ್ತೆ, ಲಿಂಕ್ ಬಿದ್ದು ಬಿದ್ದು ಏಳುತ್ತೆ. ಇದನ್ನ ಸ್ಪ್ಲಿಟ್ ಪೇರ್ ಅಂತಾರೆ, ಈ ಟೆಸ್ಟರ್ ಇದನ್ನ ಹಿಡಿಯೋಕೆ ಸಾಧ್ಯಾನೇ ಇಲ್ಲ, ಯಾಕಂದ್ರೆ ಅದು ತಂತಿ ಈ ತುದಿಯಿಂದ ಆ ತುದಿಗೆ ಹೋಗಿದೆಯಾ ಅಂತ ಮಾತ್ರ ನೋಡುತ್ತೆ, ಯಾವುದು ಯಾವುದರ ಜೊತೆ ಸುತ್ತಿದೆ ಅಂತ ನೋಡಲ್ಲ. ಎರಡೂ ತುದಿ ಕತ್ತರಿಸಿ ಸರಿಯಾದ ಬಣ್ಣದಲ್ಲಿ ಹೊಸ ಕನೆಕ್ಟರ್ ಹಾಕಿದ್ಮೇಲೆ ಅವರ ಮನೇಲಿ ಲಿಂಕ್ ಬಿದ್ದಿಲ್ಲ.

ಅದಕ್ಕೇ ಟೆಸ್ಟರ್ ಹಾಕೋಕೆ ಮುಂಚೆ ಕಣ್ಣಲ್ಲಿ ಬಣ್ಣ ನೋಡೋದನ್ನ ಬಿಡಬೇಡಿ. ಕನೆಕ್ಟರ್ ಪಾರದರ್ಶಕ ಇರೋದೇ ಅನುಕೂಲ. ಒಂದು ಕಡೆ ಎ ಕ್ರಮ (ಟಿ568ಎ, ಇದರಲ್ಲಿ ಕಿತ್ತಳೆ ಹಸಿರು ಜೋಡಿ ಅದಲುಬದಲು) ಇನ್ನೊಂದು ಕಡೆ ಮೇಲೆ ಹೇಳಿದ ಬಿ ಕ್ರಮ ಇದ್ರೆ ಟೆಸ್ಟರಲ್ಲಿ 1ರ ಸರದಿಲಿ ಆ ಕಡೆ 3, 2ರ ಸರದಿಲಿ 6 ಹತ್ತುತ್ತೆ, ಅದು ಕ್ರಾಸ್ ಕೇಬಲ್. ಹಿಂದೆ ಎರಡು ಕಂಪ್ಯೂಟರನ್ನ ನೇರವಾಗಿ ಜೋಡಿಸೋಕೆ ಅಂತ ಬೇಕು ಅಂತಲೇ ಹಾಗೆ ಮಾಡ್ತಿದ್ರು, ಈಗಿನ ಪೋರ್ಟ್‌ಗಳು ತಾವೇ ಅಡ್ಜಸ್ಟ್ ಮಾಡ್ಕೋತವೆ, ಹಾಗಾಗಿ ಅದರಿಂದ ನೆಟ್ ನಿಲ್ಲಲ್ಲ. ಎರಡು ತಂತಿ ಒಂದಕ್ಕೊಂದು ತಾಗಿದ್ರೆ ಆ ಎರಡೂ ಲೈಟು ಚಿಕ್ಕದರಲ್ಲಿ ಸರಿಯಾಗಿ ಹತ್ತಲ್ಲ. ಜಿ ಲೈಟ್ ಹತ್ತಲಿಲ್ಲ ಅಂತ ತುಂಬ ಜನ ಗಾಬರಿ ಆಗ್ತಾರೆ, ಅದು ಲೋಹದ ಕವಚ ಇರೋ ಶೀಲ್ಡೆಡ್ ಕೇಬಲ್ಲಿಗೆ, ನಾವು ಮನೇಲಿ ಬಳಸೋ ಸಾದಾ ಕೇಬಲ್ಲಲ್ಲಿ ಅದು ಹತ್ತೋದೇ ಇಲ್ಲ, ತಲೆ ಕೆಡಿಸ್ಕೋಬೇಡಿ.

ಕೇಬಲ್ಲಿನ ಕ್ವಾಲಿಟಿನೂ ಇದು ಹೇಳಲ್ಲ. ಮಾರ್ಕೆಟ್ಟಲ್ಲಿ ಸಿಸಿಎ ಅಂತ ಬರುತ್ತೆ, ಒಳಗೆ ಅಲ್ಯೂಮಿನಿಯಂ, ಮೇಲೆ ತೆಳ್ಳಗೆ ತಾಮ್ರದ ಲೇಪ. ಬೆಲೆ ಕಮ್ಮಿ, ಅಂಗಡಿಯೋರು ಕ್ಯಾಟ್ 6 ಅಂತಾನೇ ಕೊಡ್ತಾರೆ, ಟೆಸ್ಟರಲ್ಲೂ ಎಂಟೂ ಲೈಟ್ ಬರುತ್ತೆ. ಆದ್ರೆ ಅಲ್ಯೂಮಿನಿಯಂ ತಾಮ್ರದಷ್ಟು ಚೆನ್ನಾಗಿ ಕರೆಂಟ್ ಒಯ್ಯಲ್ಲ, ಉದ್ದ ಎಳೆದ್ರೆ ಸಿಗ್ನಲ್ ಸೊರಗುತ್ತೆ, ನಾಲ್ಕು ಸಲ ಬಗ್ಗಿಸಿದ್ರೆ ತಂತಿ ಮುರಿಯುತ್ತೆ, ಕೇಬಲ್ಲಲ್ಲೇ ಕರೆಂಟ್ ಹೋಗೋ ಕ್ಯಾಮೆರಾಗಳಿಗೆ ಹಾಕಿದ್ರೆ ಬಿಸಿನೂ ಆಗುತ್ತೆ. ಒಂದು ತಂತಿ ಬಿಡಿಸಿ ಬ್ಲೇಡಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡ್ರೆ ಅದು ತಾಮ್ರ ಅಲ್ಲ. ಉದ್ದದ ಲೆಕ್ಕಾನೂ ಇದಕ್ಕೆ ಬರಲ್ಲ, ಈಥರ್ನೆಟ್‌ನ ಮಿತಿ 100 ಮೀಟರ್, ಅದಕ್ಕಿಂತ ದೂರದ ತೋಟದ ಮನೆಗೆ ಎಳೆದ್ರೂ ಟೆಸ್ಟರ್ ಖುಷಿಯಾಗಿ ಎಂಟೂ ಲೈಟ್ ತೋರಿಸುತ್ತೆ, ನೆಟ್ ಮಾತ್ರ ಸರಿಯಾಗಿ ಬರಲ್ಲ. ಇದನ್ನೆಲ್ಲ ಅಳೆಯೋ ಫ್ಲೂಕ್ ಥರದ ಸರ್ಟಿಫೈಯರ್ ಯಂತ್ರ ಇದೆ, ಬೆಲೆ ಲಕ್ಷಗಳಲ್ಲಿ, ಅದು ದೊಡ್ಡ ಆಫೀಸ್, ಡೇಟಾ ಸೆಂಟರ್ ಕೆಲಸ ಮಾಡೋರಿಗೆ.

ಇನ್ನು ಸಿಡಿಲಿನ ವಿಷಯ. ಮಲೆನಾಡಲ್ಲಿ ಇರೋರಿಗೆ ಹೇಳಬೇಕಾಗಿಲ್ಲ, ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಮಳೆ ಶುರುವಾದ್ರೆ ಮನೆ ಮನೇಲೂ ಪ್ಲಗ್ ಕೀಳೋ ಸಂಭ್ರಮ. ಆದ್ರೆ ಎಲ್ಲರೂ ಕೀಳೋದು ಕರೆಂಟಿನ ಪ್ಲಗ್ಗನ್ನ ಮಾತ್ರ, ನೆಟ್ಟಿನ ಕೇಬಲ್ ಹಾಗೇ ಬಿಟ್ಟಿರ್ತಾರೆ. ನಮ್ಮಲ್ಲಿ ಮನೆಯಿಂದ ಅಡಿಕೆ ಸುಲಿಯೋ ಶೆಡ್ಡಿಗೆ ಒಂದು ಕೇಬಲ್ ಹೊರಗಡೆಯಿಂದ ಹೋಗಿತ್ತು, ಅಲ್ಲಿ ಅಣ್ಣನ ಹಳೇ ಕಂಪ್ಯೂಟರ್, ಲೆಕ್ಕ ಬರೆಯೋಕೆ. ಹತ್ತಿರದಲ್ಲೇ ಎಲ್ಲೋ ಸಿಡಿಲು ಹೊಡೀತು, ನೇರ ಹೊಡೆಯೋದೂ ಬೇಕಾಗಿಲ್ಲ, ಪಕ್ಕದಲ್ಲಿ ಬಿದ್ರೂ ಬಯಲಲ್ಲಿ ಎಳೆದಿರೋ ತಾಮ್ರದ ತಂತಿಲಿ ವೋಲ್ಟೇಜ್ ಏರುತ್ತೆ, ಎರಡು ಕಟ್ಟಡದ ಅರ್ಥಿಂಗ್ ಬೇರೆ ಬೇರೆ ಇದ್ರೆ ಇನ್ನೂ ಕೆಟ್ಟದ್ದು. ಮಾರನೇ ದಿನ ಶೆಡ್ಡಲ್ಲಿ ಲಿಂಕ್ ಲೈಟ್ ಇಲ್ಲ. ಈ ಸಲ ಟೆಸ್ಟರ್ ಹಾಕಿದ್ರೆ ಎಂಟೂ ಲೈಟ್ ಕ್ರಮವಾಗಿ ಬಂತು, ಬಣ್ಣಾನೂ ಸರಿ ಇತ್ತು. ಅದೇ ಕೇಬಲ್ಲಿಗೆ ನನ್ನ ಲ್ಯಾಪ್‌ಟಾಪ್ ಹಾಕಿದ್ರೆ ನೆಟ್ ಬಂತು. ಅಂದ್ರೆ ಇಲ್ಲಿ ನಿಜವಾಗ್ಲೂ ಪೋರ್ಟೇ ಸುಟ್ಟಿದೆ. ಟೆಸ್ಟರ್ ನನಗೆ ಅತಿ ಹೆಚ್ಚು ಉಪಯೋಗ ಆಗಿದ್ದು ಇಲ್ಲೇ ಅಂತ ನನ್ನ ಅಭಿಪ್ರಾಯ, ಕೇಬಲ್ ಸರಿ ಇದೆ ಅಂತ ಖಚಿತವಾದ್ರೆ ಹುಡುಕೋ ಜಾಗ ಅರ್ಧಕ್ಕಿಂತ ಕಮ್ಮಿ ಆಗುತ್ತೆ.

ಹಾಗಿದ್ರೂ ಬೋರ್ಡ್ ಬದಲಾಯಿಸಲಿಲ್ಲ. ಪೋರ್ಟ್ ಒಂದು ಸುಟ್ಟು ಮಿಕ್ಕದ್ದೆಲ್ಲ ನಡೀತಿದ್ರೆ ಯುಎಸ್‌ಬಿಗೆ ಹಾಕೋ ಈಥರ್ನೆಟ್ ಅಡಾಪ್ಟರ್ ಬರುತ್ತೆ, ಅಥವಾ ಡೆಸ್ಕ್‌ಟಾಪ್ ಒಳಗೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕ್ಬೋದು. ಅಡಾಪ್ಟರ್ ತಗೊಳ್ಳೋದಾದ್ರೆ ಯುಎಸ್‌ಬಿ 3.0 ಗಿಗಾಬಿಟ್‌ದು ತಗೊಳ್ಳಿ, ರಿಯಲ್‌ಟೆಕ್ ಆರ್‌ಟಿಎಲ್8153 ಚಿಪ್ ಇರೋದು ಸುಮಾರು ಎಲ್ಲ ಕಡೆ ಡ್ರೈವರ್ ತಲೆನೋವಿಲ್ಲದೆ ನಡೆಯುತ್ತೆ, ಲಿನಕ್ಸಲ್ಲೂ. ತೀರಾ ಅಗ್ಗದ್ದು ತಗೊಂಡ್ರೆ ಯುಎಸ್‌ಬಿ 2.0 ಇರುತ್ತೆ, ಸ್ಪೀಡ್ 100ರಲ್ಲೇ ನಿಲ್ಲುತ್ತೆ, ಅಣ್ಣನ ಲೆಕ್ಕದ ಕೆಲಸಕ್ಕೆ ಅಷ್ಟೇ ಸಾಕಿತ್ತು ಅನ್ನೋದು ಬೇರೆ ಮಾತು. ಮತ್ತೆ ಶೆಡ್ಡಿಗೆ ತಾಮ್ರದ ಕೇಬಲ್ ಬಿಡಲಿಲ್ಲ, ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್ ಬೆಳಕನ್ನ ಈಥರ್ನೆಟ್ ಸಿಗ್ನಲ್ಲಿಗೆ ಬದಲಾಯಿಸೋ ಡಬ್ಬಿ) ಹಾಕಿದ್ವಿ. ಫೈಬರ್ ಒಳಗೆ ಹೋಗೋದು ಬೆಳಕು, ಒಳಗೆ ಲೋಹದ ತಂತಿ ಇಲ್ಲದ ಫೈಬರ್ ಕೇಬಲ್ ತಗೊಂಡ್ರೆ ಸಿಡಿಲಿನ ಕರೆಂಟ್ ಈ ಕಟ್ಟಡದಿಂದ ಆ ಕಟ್ಟಡಕ್ಕೆ ಅದರಲ್ಲಿ ಹಾಯೋಕೆ ದಾರಿನೇ ಇಲ್ಲ. ಎರಡು ಕಟ್ಟಡದ ಮಧ್ಯ ನೆಟ್ ಎಳೆಯೋ ಮಲೆನಾಡು ಕರಾವಳಿಯೋರು ಇದನ್ನ ದಯವಿಟ್ಟು ಯೋಚನೆ ಮಾಡಿ. ಹೊರಗೆ ತಾಮ್ರಾನೇ ಎಳೀಲೇಬೇಕು ಅಂದ್ರೆ ಒಳಾಂಗಣದ ಬೂದು ಪಿವಿಸಿ ಕೇಬಲ್ ಬೇಡ, ಬಿಸಿಲಿಗೆ ಸಿಪ್ಪೆ ಬಿರುಕು ಬಿಟ್ಟು ಮಳೆಗಾಲದಲ್ಲಿ ನೀರು ಇಳಿಯುತ್ತೆ, ಹೊರಾಂಗಣಕ್ಕೆ ಅಂತ ಕಪ್ಪು ಪಾಲಿಥಿಲೀನ್ ಸಿಪ್ಪೆಯದ್ದು ಬೇರೆ ಸಿಗುತ್ತೆ.

ಬಳಸೋವಾಗ ಎರಡು ಎಚ್ಚರಿಕೆ. ಕೇಬಲ್ಲಿನ ಎರಡೂ ತುದಿ ರೂಟರಿಂದ ಕಂಪ್ಯೂಟರಿಂದ ತೆಗೆದಿರಬೇಕು. ಅದರಲ್ಲೂ ಸಿಸಿಟಿವಿ ಕ್ಯಾಮೆರಾ ಕೇಬಲ್ಲಿಗೆ ಯಾವತ್ತೂ ಹಾಗೇ ಹಾಕಬೇಡಿ, ಅದರಲ್ಲಿ 24 ಅಥವಾ 48 ವೋಲ್ಟ್ ಹರೀತಿರಬಹುದು, ಕೆಲವು ಅಗ್ಗದ ಪಿಒಇ ಇಂಜೆಕ್ಟರ್‌ಗಳು (ನೆಟ್ ಕೇಬಲ್ಲಲ್ಲೇ ಕರೆಂಟ್ ಕೊಡೋ ಡಬ್ಬಿಗಳು) ಆ ಕಡೆ ಏನಿದೆ ಅಂತ ಕೇಳದೇನೇ ಕರೆಂಟ್ ಕಳಿಸ್ತವೆ, ಟೆಸ್ಟರಿನ ಲೈಟೆಲ್ಲ ಸುಟ್ಟುಹೋಗುತ್ತೆ. ಇನ್ನೊಂದು, ಟೆಲಿಫೋನಿನ ಚಿಕ್ಕ ಆರ್‌ಜೆ11 ಪ್ಲಗ್ಗನ್ನ ದೊಡ್ಡ ತೂತಿಗೆ ತುರುಕಬೇಡಿ, ಅದು ಹೋಗುತ್ತೆ ಆದ್ರೆ ಅಂಚಿನ ಎರಡು ಪಿನ್ ಬಗ್ಗುತ್ತೆ, ಆಮೇಲೆ ಒಳ್ಳೇ ಕೇಬಲ್ಲಿಗೂ 1 ಮತ್ತು 8 ಬರಲ್ಲ. ಅದಕ್ಕೆ ಅಂತ ಪಕ್ಕದಲ್ಲಿ ಬೇರೆ ತೂತು ಕೊಟ್ಟಿದ್ದಾರೆ. ಸಂಶಯ ಬಂದಾಗೆಲ್ಲ ಚೆನ್ನಾಗಿ ನಡೀತಿರೋ ಒಂದು ಚಿಕ್ಕ ಕೇಬಲ್ ಹಾಕಿ ಟೆಸ್ಟರನ್ನೇ ಮೊದ್ಲು ಪರೀಕ್ಷೆ ಮಾಡಿ.

ಕ್ವಾಲಿಟಿ ಬಗ್ಗೆ ಹೇಳ್ಬೇಕಂದ್ರೆ ಪ್ಲಾಸ್ಟಿಕ್ ಹಗುರ, ಸ್ವಿಚ್ ಸ್ವಲ್ಪ ಸಡಿಲ, ಬ್ಯಾಟರಿ ಬಾಗಿಲಿನ ಕೊಕ್ಕೆ ಬೇಗ ಮುರಿಯೋ ಥರ ಇದೆ. ಬಿಸಿಲಲ್ಲಿ ಲೈಟ್ ಕಾಣಲ್ಲ, ಕೈ ಅಡ್ಡ ಹಿಡೀಬೇಕು. ಬ್ಯಾಟರಿ ಇಳಿದಾಗ ಲೈಟ್ ಮಂಕಾಗಿ ಉದ್ದದ ಕೇಬಲ್ಲಲ್ಲಿ ಹತ್ತಿತೋ ಇಲ್ವೋ ಗೊತ್ತಾಗಲ್ಲ, ಮಂಕು ಕಂಡ ತಕ್ಷಣ ಬ್ಯಾಟರಿ ಬದಲಾಯಿಸಿ, ಎತ್ತಿಡೋವಾಗ ಬ್ಯಾಟರಿ ತೆಗೆದಿಡಿ, ನಮ್ಮ ಮಳೆಗಾಲದ ತೇವಕ್ಕೆ ಸೋರಿದ್ರೆ ಡಬ್ಬಿ ಪೂರ್ತಿ ಹೋಗುತ್ತೆ. ಇಷ್ಟೆಲ್ಲ ಇದ್ರೂ ಐದಕ್ಕೆ ನಾಲ್ಕು ಕೊಡ್ತೀನಿ, ಈ ಬೆಲೆಗೆ ಇಷ್ಟು ಸ್ಪಷ್ಟ ಉತ್ತರ ಕೊಡೋ ಇನ್ನೊಂದು ಸಾಧನ ನಾನು ನೋಡಿಲ್ಲ. ಒಂದು ಕಳೆದಿದ್ದು ಪ್ಲಾಸ್ಟಿಕ್ಕಿಗಲ್ಲ, ಡಬ್ಬಿ ಮೇಲೆ ಕೇಬಲ್ ಕ್ವಾಲಿಟಿ ಟೆಸ್ಟರ್ ಅಂತ ಬರೆದಿದ್ದಕ್ಕೆ, ಕ್ವಾಲಿಟಿ ಇದು ಟೆಸ್ಟ್ ಮಾಡಲ್ಲ, ಜನಕ್ಕೆ ತಪ್ಪು ಹೇಳಬಾರದು.

ತಗೊಳ್ಳೋದಾದ್ರೆ ಒಂದೇ ತಗೋಬೇಡಿ, ಜೊತೆಗೆ ಕ್ರಿಂಪಿಂಗ್ ಟೂಲೂ (ಕನೆಕ್ಟರನ್ನ ಕೇಬಲ್ ತುದಿಗೆ ಒತ್ತಿ ಕೂರಿಸೋದು) ಒಂದಿಷ್ಟು ಕನೆಕ್ಟರೂ ಇರಲಿ, ತೊಂದರೆ ಗೊತ್ತಾದ್ಮೇಲೆ ಸರಿಮಾಡೋಕೆ ಮತ್ತೆ ಪೇಟೆಗೆ ಓಡೋದು ಬೇಡ. ಹೊಸಬರಿಗೆ ಪಾಸ್‌ಥ್ರೂ ಕನೆಕ್ಟರ್ ಒಳ್ಳೇದು, ತಂತಿ ಮುಂದಿಂದ ಹೊರಗೆ ಬರುತ್ತೆ, ಬಣ್ಣದ ಕ್ರಮ ನೋಡ್ಕೊಂಡು ಆಮೇಲೆ ಒತ್ತಬಹುದು, ಅದಕ್ಕೆ ತುದಿ ಕತ್ತರಿಸೋ ಬ್ಲೇಡ್ ಇರೋ ಟೂಲೇ ಬೇಕು. ಜೋಡಿಯ ಹುರಿ ತುದಿಯಲ್ಲಿ 13 ಮಿಲಿಮೀಟರಿಗಿಂತ ಜಾಸ್ತಿ ಬಿಚ್ಚಬೇಡಿ, ಹೊರಗಿನ ಸಿಪ್ಪೆ ಕನೆಕ್ಟರ್ ಒಳಗೆ ಹೋಗಿ ಕಚ್ಚಿಕೊಂಡಿರಬೇಕು, ಇಲ್ಲಾಂದ್ರೆ ಎಳೆದಾಗ ಭಾರ ಎಲ್ಲ ತಂತಿ ಮೇಲೆ ಬೀಳುತ್ತೆ. ಬೆಂಗಳೂರಿಗೆ ಹೋಗೋ ಕೆಲಸ ಇದ್ದೋರು ಎಸ್‌ಪಿ ರೋಡಲ್ಲಿ ನೋಡಿ, ಟೆಸ್ಟರ್, ಟೂಲ್, ಕನೆಕ್ಟರ್ ಎಲ್ಲ ಒಂದೇ ಸಾಲಲ್ಲಿ ಸಿಗುತ್ತೆ, ಅಲ್ಲಿ ತಗೊಂಡ್ರೆ ಅಂಗಡೀಲೇ ಬ್ಯಾಟರಿ ಹಾಕ್ಸಿ, ಅವರ ಹತ್ರ ಇರೋ ಯಾವುದಾದ್ರೂ ಕೇಬಲ್ಲಿಗೆ ಹಾಕಿ ಎಂಟೂ ಲೈಟ್ ನೋಡ್ಕೊಂಡೇ ದುಡ್ಡು ಕೊಡಿ.